ಅತ್ತೆಯನ್ನು ಕಾಮೆಂಟ್ ಮಾಡಿದ್ದು

ಮೊನ್ನೆ ಸಿರವಾರದ ಒಂದು ಅಕ್ಕಿ ಗಿರಣಿಯಲ್ಲಿ ಕೂತು, ಲಾರಿ ತೂಕದ ಚೀಟಿ ಬರೆಯುವ ನನ್ನದೇ ಪ್ರೋಗ್ರಾಮನ್ನು ರಿಪೇರಿ ಮಾಡುತ್ತಿದ್ದೆ. ಬೆನ್ನ ಹಿಂದೆ ಗಿರಣಿಯ ಸಾಹುಕಾರರು ಚಹಾದ ಬಸಿ ಹಿಡಿದುಕೊಂಡು ನಿಂತು ಪರದೆಯನ್ನೇ ನೋಡುತ್ತಿದ್ದರು. ಪರದೆಯ ಮೇಲೆ ಅರ್ಧ ಬಣ್ಣಬಣ್ಣದ ಅಕ್ಷರ, ಇನ್ನರ್ಧ ಬರೀ ಬೂದು.

"ಇದೇನ್ರಿ, ಇಷ್ಟುದ್ದ ಬೂದಿ ಬಡದಂಗ ಅದ?" ಎಂದರು.

"ಕಾಮೆಂಟ್ ಮಾಡಿಟ್ಟೀನ್ರಿ ಸಾಹುಕಾರ್ರ. ಹಳೇ ಸಾಲು ಅವು."

"ಕೆಲಸ ಮಾಡಂಗಿಲ್ಲೇನು?"

"ಇಲ್ರಿ. ಕಂಪ್ಯೂಟರ್ ಅವನ್ನ ಓದೂದೇ ಇಲ್ಲ."

"ಮತ್ಯಾಕ ಇಟ್ಟೀರಿ?"

"ಇರ್ಲಿ ಅಂತ."

ಸಾಹುಕಾರರು ಒಂದು ಗುಟುಕು ಚಹಾ ಹೀರಿ, ಕಿಟಕಿಯಿಂದ ಅಂಗಳದ ಕಡೆ ನೋಡಿದರು. "ನಮ್ಮ ಗಿರಣ್ಯಾಗೂ ಅಂಥಾವ್ರು ಇಬ್ರು ಅದಾರ ಬಿಡ್ರಿ," ಎಂದು ಹೊರಟುಹೋದರು.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಬೇಡವಾದ ಸಾಲುಗಳ ಮುಂದೆ ಒಂದು ಓರೆಗೀಟು, ಒಂದು ನಕ್ಷತ್ರ ಹಾಕುತ್ತೇನೆ. ಕೊನೆಯಲ್ಲಿ ಒಂದು ನಕ್ಷತ್ರ, ಒಂದು ಓರೆಗೀಟು. ಅಷ್ಟೆ. ನಡುವೆ ಇದ್ದದ್ದೆಲ್ಲ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತದೆ. ನಾಳೆ ಬೇಕೆನಿಸಿದರೆ ಆ ಗುರುತು ತೆಗೆದರಾಯಿತು, ಮತ್ತೆ ಎದ್ದು ಕೂರುತ್ತದೆ. ಹೊಸ ಹುಡುಗರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಹಳೆಯದನ್ನು ಕಾಪಾಡಿಡಲು ಬೇರೆ ಏರ್ಪಾಡುಗಳಿವೆ, ಹೀಗೆ ಕಸ ಕೂಡಿಹಾಕಬಾರದು ಎನ್ನುತ್ತಾರೆ. ನಿಜ. ಆದರೆ ಇಪ್ಪತ್ತು ವರ್ಷದ ಹಿಂದೆ ರಾಯಚೂರಿನಲ್ಲಿ ಡಿಪ್ಲೊಮಾ ಓದುವಾಗ ಕಲಿತ ಒಂದೇ ಒಂದು ಭಾಷೆಯನ್ನು ಇವತ್ತಿಗೂ ಬಿಡದೆ ಹಿಡಿದು ಕೂತವನಿಗೆ ಹೊಸ ಏರ್ಪಾಡು ಹೇಳಿ ಏನು ಪ್ರಯೋಜನ?

ಈ ಗುಣ ಬಂದದ್ದು ಅಪ್ಪನಿಂದ ಎಂದು ನಾನು ಹೇಳುತ್ತೇನೆ. ಅಪ್ಪ ಒಪ್ಪುವುದಿಲ್ಲ. ಅಪ್ಪ ಮಾನ್ವಿಯಲ್ಲಿ ಮಾಸ್ತರನಾಗಿದ್ದ. ನಾನೂ ಅವನ ಕೈಯಲ್ಲೇ ಕಲಿತೆ. ಬೇರೆ ಮಾಸ್ತರರು ಹುಡುಗರು ಬೋರ್ಡಿನ ಮೇಲೆ ತಪ್ಪು ಲೆಕ್ಕ ಮಾಡಿದರೆ ಒರೆಸಿಹಾಕುತ್ತಿದ್ದರು. ಅಪ್ಪ ಒರೆಸುತ್ತಿರಲಿಲ್ಲ. ತಪ್ಪು ಲೆಕ್ಕದ ಸುತ್ತ ಒಂದು ಚೌಕ ಎಳೆದು, ಪಕ್ಕದಲ್ಲೇ ಸರಿ ಲೆಕ್ಕ ಮಾಡಿ ತೋರಿಸುತ್ತಿದ್ದ. "ಒರೆಸಿದ್ರ ಎಲ್ಲಿ ತಪ್ಪಿದಿ ಅಂತ ಹೆಂಗ ಗೊತ್ತಾಗ್ತದಲೇ?" ಎನ್ನುತ್ತಿದ್ದ. ಸಂಜೆಯ ಹೊತ್ತಿಗೆ ಬೋರ್ಡಿನ ತುಂಬ ಚೌಕಗಳು. ಅವುಗಳಲ್ಲಿ ಮುಕ್ಕಾಲು ನನ್ನವು.

ಅರ್ಧ ಗುಣ ದೇವದುರ್ಗದ ನೀಲತ್ತೆಯದೂ ಇರಬಹುದು. ನೀಲತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ, ನೀಲಮ್ಮ. ಬೇಸಿಗೆ ರಜೆ ಬಂದರೆ ನಾನು ಅವಳ ಮನೆಯಲ್ಲಿ. ಶಾಲೆಗೆ ಸೇರುವ ಮೊದಲೇ ಅಕ್ಷರ ತಿದ್ದಿಸಿದ್ದೂ ಅವಳೇ. ಮಾಸ್ತರನ ಮಗ ಮಾಸ್ತರನ ಹತ್ತಿರ ಅಳುತ್ತಿದ್ದನಂತೆ, ಅವಳ ಹತ್ತಿರ ಅಳುತ್ತಿರಲಿಲ್ಲವಂತೆ. ಅತ್ತೆಗೆ ಒಂದು ಹೊಲಿಗೆ ಯಂತ್ರವಿತ್ತು. ನನ್ನ ಶಾಲೆಯ ಚಡ್ಡಿಗಳೆಲ್ಲ ಅದರಿಂದಲೇ ಬರುತ್ತಿದ್ದವು. ಅವಳು ಬಟ್ಟೆ ಕತ್ತರಿಸಿ ಬಿಸಾಡುತ್ತಿರಲಿಲ್ಲ. ನಾಲ್ಕು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಚಿ ಹೊಲಿದುಬಿಡುತ್ತಿದ್ದಳು. ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಒಂದೊಂದು ಬೆರಳು ಇಳಿಸುತ್ತಿದ್ದಳು. ಇಳಿಸಿದ ಕಡೆ ಬಣ್ಣ ಮಾಸದೆ ಕಡುನೀಲಿ, ಮೇಲೆಲ್ಲ ತಿಳಿನೀಲಿ. ನನ್ನ ಚಡ್ಡಿ ನೋಡಿದರೆ ಸಾಕು, ನಾನು ಯಾವ ತರಗತಿ ಎಂದು ಹೇಳಬಹುದಾಗಿತ್ತು.

ಈಗ ನಮ್ಮ ಮನೆಯ ಪ್ರೋಗ್ರಾಮಿನ ವಿಷಯ ಹೇಳಬೇಕು.

ನನ್ನ ಮದುವೆ ಗೊತ್ತಾದಾಗ ನಾನೊಂದು ಪ್ರೋಗ್ರಾಮು ಬರೆದೆ. ನೆಂಟರ ಹೆಸರು, ಊರು ಎಲ್ಲ ಅದರಲ್ಲಿ. ಒಂದು ಗುಂಡಿ ಒತ್ತಿದರೆ ಲಗ್ನಪತ್ರಿಕೆಗೆ ಅಂಟಿಸುವ ವಿಳಾಸದ ಚೀಟಿ ಛಾಪಾಗಿ ಬರುತ್ತಿತ್ತು. ಹೆಸರುಗಳನ್ನು ಬೇರೆ ಕಡತದಲ್ಲಿಡದೆ ಪ್ರೋಗ್ರಾಮಿನ ಹೊಟ್ಟೆಯಲ್ಲೇ ತುರುಕಿದ್ದೆ. ಮೊದಲ ವರ್ಷದ ವಿದ್ಯಾರ್ಥಿಯೂ ಇದಕ್ಕೆ ನನ್ನನ್ನು ಬೈಯಬಹುದು. ಬೈಯಲಿ. ಊರುಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದೆ: ಕುರ್ಡಿ, ದೇವದುರ್ಗ, ನೀರಮಾನ್ವಿ, ಮಾನ್ವಿ, ರಾಯಚೂರು, ಸಿರವಾರ. ನೋಡಲು ಬಹಳ ಚೆಂದ ಇತ್ತು.

ಅಪ್ಪನಿಗೆ ಅದು ಎಷ್ಟು ಹಿಡಿಸಿತೆಂದರೆ, ಊಟಕ್ಕೂ ಚೀಟಿ ಮಾಡು ಎಂದ. ಅವ್ವ ತೀರಿಕೊಂಡು ಆಗ ಎರಡು ವರ್ಷ. ಅವ್ವ ಇಲ್ಲದ ಮದುವೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆದೀತೆಂದು ಅಪ್ಪನಿಗೆ ಒಳಗೊಳಗೇ ದಿಗಿಲು. ದಿಗಿಲಾದ ಮಾಸ್ತರ ಇನ್ನೂ ದೊಡ್ಡ ಮಾಸ್ತರನಾಗುತ್ತಾನೆ. ಯಾರು ಎಷ್ಟನೇ ಪಂಕ್ತಿಯಲ್ಲಿ ಉಣ್ಣಬೇಕು ಎಂದು ಪ್ರತಿಯೊಬ್ಬರಿಗೂ ಒಂದು ಚೀಟಿ. ಊಟದ ಮನೆಯ ಬಾಗಿಲಲ್ಲಿ ಅಪ್ಪನೇ ನಿಂತ. ರೂಲುಪಟ್ಟಿ ಒಂದು ಇರಲಿಲ್ಲ ಅಷ್ಟೆ.

ಮೊದಲ ಪಂಕ್ತಿ ಬೀಗರದು. ಎರಡನೆಯದು ಕುರ್ಡಿಯವರದು. ದೇವದುರ್ಗ ಮೂರನೆಯದು.

ಬೆಳಗಿನಿಂದ ಅತ್ತೆ ಒಂದು ಕಡೆ ಕೂತಿರಲಿಲ್ಲ. ಅರಿಷಿಣ ಅರೆಸಿದ್ದು ಅವಳು, ಅವ್ವ ಇದ್ದಿದ್ದರೆ ಎಲ್ಲೆಲ್ಲಿ ನಿಲ್ಲುತ್ತಿದ್ದಳೋ ಅಲ್ಲೆಲ್ಲ ನಿಂತದ್ದು ಅವಳು. ಮಧ್ಯಾಹ್ನ ಅವಳು ತನ್ನ ಅತ್ತೆ, ಅಂದರೆ ಗಂಡನ ತಾಯಿಯನ್ನು, ಕೈಹಿಡಿದು ಊಟಕ್ಕೆ ಕರೆತಂದಾಗ ಅಪ್ಪ ಬಾಗಿಲಲ್ಲಿ ಅಡ್ಡ ಕೈ ಹಿಡಿದ. "ಚೀಟಿ ತೋರ್ಸು. ಮೂರನೇ ಪಂಗ್ತಿ ನಿಮ್ದು. ಇನ್ನಾ ಕುರ್ಡಿಯವ್ರು ಕುಂತಿಲ್ಲ." ಅತ್ತೆ ಒಂದು ಕ್ಷಣ ಅಣ್ಣನ ಮುಖ ನೋಡಿದಳಂತೆ. ಆಮೇಲೆ ಚೀಟಿಯನ್ನು ಅವನ ಕೈಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಮಾಸ್ತರ್ರ ಸಾಲಿ ಬಿಟ್ಟ ಮ್ಯಾಲ ಉಣತೀವಿ ತಗೋರಿ," ಎಂದು ತನ್ನ ಮಂದಿಯನ್ನೆಲ್ಲ ಎಬ್ಬಿಸಿಕೊಂಡು ಹೊರಟೇಹೋದಳು.

ಮದುವೆಮನೆಯಿಂದ ಮನೆಮಗಳು ಉಣ್ಣದೆ ಹೋಗುವುದೆಂದರೆ ನಮ್ಮ ಕಡೆ ಏನೆಂದು ನಿಮಗೆ ಗೊತ್ತೇ ಇದೆ. ವರ್ಷದ ಮೇಲೆ ರಾಯಚೂರಿನಲ್ಲಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ಚೀಟಿ ತೆಗೆಯಲು ನಾನು ಕೂತಾಗ ಅಪ್ಪ ನನ್ನ ಪಕ್ಕ ಬಂದು ನಿಂತ. "ದೇವದುರ್ಗದ್ದು ತಗದುಬಿಡು."

"ಯಪ್ಪಾ, ಒಬ್ಬಾಕೀನ ತಂಗಿ…"

"ತಗಿ ಅಂದೆ."

ಬೋರ್ಡಿನ ಮೇಲಿನ ತಪ್ಪು ಲೆಕ್ಕವನ್ನೂ ಒರೆಸದ ಮನುಷ್ಯ ಒಡಹುಟ್ಟಿದವಳನ್ನು ಒರೆಸು ಎನ್ನುತ್ತಿದ್ದ. ನಾನು ಏನು ಮಾಡಿದೆ ಹೇಳಿ? ಅತ್ತೆ, ಮಾವ, ಇಬ್ಬರು ಮಕ್ಕಳು, ಆ ಮುದುಕಿ, ಒಟ್ಟು ಐದು ಸಾಲು. ಅವುಗಳ ಮುಂದೆ ಓರೆಗೀಟು, ನಕ್ಷತ್ರ ಹಾಕಿದೆ. ಯಂತ್ರ ಓದದ ಆ ಜಾಗದಲ್ಲಿ ಮನುಷ್ಯರಿಗಾಗಿ ಏನು ಬೇಕಾದರೂ ಬರೆದುಕೊಳ್ಳಬಹುದಲ್ಲ, ಅಲ್ಲೇ ಮೇಲೊಂದು ಸಾಲು ಬರೆದೆ: "ಅಪ್ಪನ ಸಿಟ್ಟು ಇಳಿದ ಮೇಲೆ ತೆಗೆಯುವುದು." ಐದೂ ಹೆಸರು ಬೂದು ಬಣ್ಣಕ್ಕೆ ತಿರುಗಿದವು. "ಆತೇನು?" ಎಂದ ಅಪ್ಪ. "ಆತು," ಎಂದೆ.

ಆದರೆ ಕೊನೆಯ ಗುರುತು ಹಾಕುವುದನ್ನೇ ಮರೆತಿದ್ದೆ. ಶುರುವಿನ ಗುರುತು ಹಾಕಿ ಕೊನೆಯದನ್ನು ಬಿಟ್ಟರೆ, ಮುಂದೆ ಎಲ್ಲಾದರೂ ಇನ್ನೊಂದು ಕೊನೆಯ ಗುರುತು ಸಿಗುವ ತನಕ ಯಂತ್ರ ಎಲ್ಲವನ್ನೂ ನುಂಗುತ್ತ ಹೋಗುತ್ತದೆ. ಮುಂದಿನದು ಇದ್ದದ್ದು ಮಾನ್ವಿಯ ಮೊದಲ ಸಾಲಿನಲ್ಲಿ, ತೀರಿಹೋದನೆಂದು ಬೂದು ಮಾಡಿಟ್ಟಿದ್ದ ದೊಡ್ಡಪ್ಪನ ಹೆಸರಿನ ಪಕ್ಕ. ನಡುವಿನ ನೀರಮಾನ್ವಿ ಪೂರ್ತಿ ಹೊಟ್ಟೆಗೆ ಹೋಯಿತು. ಯಾವ ದೋಷವೂ ಇಲ್ಲವೆಂದು ಕಂಪ್ಯೂಟರ್ ಹೇಳಿತು. ಗೃಹಪ್ರವೇಶಕ್ಕೆ ನೀರಮಾನ್ವಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಮರುದಿನ ಫೋನು ಬಂತು: "ಏನಪಾ ಬಸೂ, ನಾವು ಇನ್ನಾ ಜೀವಂತ ಅದೀವಿ. ಸುಮ್ಮ ತಿಳಿಸಾಕ ಮಾಡೀನಿ."

ಅಲ್ಲಿಂದ ಮುಂದೆ ಅಪ್ಪ ನನ್ನನ್ನು ನಂಬಲಿಲ್ಲ. ಪ್ರತಿ ಕಾರ್ಯಕ್ಕೂ ತಾನೇ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತು, ಬೆರಳಿಟ್ಟು, ಶುರುವಿನ ಗುರುತಿಗೆ ಕೊನೆಯದು ಇದೆಯೋ ಇಲ್ಲವೋ ಎಂದು ನೋಡತೊಡಗಿದ. ಕ್ರಮೇಣ ಕನ್ನಡ ಟೈಪು ಕಲಿತ. ಹುಟ್ಟಿದವರನ್ನು ಸೇರಿಸಿದ, ಸತ್ತವರ ಸುತ್ತ ಗುರುತು ಹಾಕಿದ. ನಾನು ಕೊನೆಗೆ ಗುಂಡಿ ಒತ್ತುವವನಾಗಿ ಉಳಿದೆ. ಬೂದು ಸಾಲುಗಳ ಒಂದು ದೋಷವೆಂದರೆ, ಸ್ವಲ್ಪ ದಿನಕ್ಕೆ ಕಣ್ಣು ಅವನ್ನು ನೋಡುವುದನ್ನೇ ಬಿಡುತ್ತದೆ. ದೇವದುರ್ಗದ ಸಾಲುಗಳು ಎದುರಿಗೇ ಇದ್ದವು, ನಾನು ದಾಟಿಕೊಂಡು ಹೋಗುತ್ತಿದ್ದೆ. ಅತ್ತೆಗೆ ನಾನಾದರೂ ಒಂದು ಫೋನು ಮಾಡಬಹುದಾಗಿತ್ತು. ಅಪ್ಪನಿಗೆ ಹೆದರಿ ಮಾಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿಕೆ ಇದ್ದದ್ದು ಬೇರೆಯದಕ್ಕೆ. ದೇವದುರ್ಗವನ್ನು ಮೂರನೇ ಪಂಕ್ತಿಗೆ ಹಾಕಿದ್ದು ಅಪ್ಪನಲ್ಲ, ನನ್ನ ಅಕ್ಷರಮಾಲೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಮಗೊಂದು ಕೂಸಾಯಿತು. ಹೆಣ್ಣುಕೂಸು. ಆಸ್ಪತ್ರೆಯಲ್ಲಿ ಅದನ್ನು ಮೊದಲು ಎತ್ತಿಕೊಂಡವನು ಅಪ್ಪ. ಎತ್ತಿಕೊಂಡವನೇ, "ಗೌರಿ," ಎಂದ. ಅದು ಅವ್ವನ ಹೆಸರು. ನಾನೂ ನನ್ನ ಹೆಂಡತಿ ಸುಮಾನೂ ಬೇರೆ ಹೆಸರು ಯೋಚಿಸಿಟ್ಟಿದ್ದೆವು. ಇಬ್ಬರೂ ಅದನ್ನು ಆ ಕ್ಷಣವೇ ಮರೆತೆವು.

ಹೆಸರಿಡುವ ದಿನ ಗೊತ್ತಾಯಿತು. ಸುಮಾ ಬಾಣಂತಿ ಕೋಣೆಯಿಂದಲೇ ಕೇಳಿದಳು, "ಅಲ್ರೀ, ಕಿವ್ಯಾಗ ಹೆಸರು ಹೇಳಾವ್ರು ಯಾರು?"

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಕೂಗಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ, ನಗುತ್ತ, ಎಷ್ಟು ವರ್ಷದ ಬಾಕಿಯೋ ಎನ್ನುವ ಹಾಗೆ. ನನಗೆ ಅಕ್ಕತಂಗಿಯರಿಲ್ಲ. ನನ್ನ ಕಿವಿಯಲ್ಲಿ ಬಸವರಾಜ ಎಂದವಳು ನೀಲತ್ತೆ. ನನ್ನ ಮಗಳಿಗೂ ಅವಳೇ ಆಗಬೇಕು. "ಯಾರನ್ನರ ಕರದ್ರಾತು ಬಿಡು," ಎಂದೆ. ಸುಮಾ ಕೂಸಿನ ಕಡೆ ಹೊರಳಿ ಮಲಗಿದಳು. ಅವಳು ಹಾಗೆ ಹೊರಳಿದರೆ ನಾನು ತಪ್ಪು ಹೇಳಿದ್ದೇನೆ ಎಂದರ್ಥ.

ಆ ದಿನ ಸಂಜೆ ಚೀಟಿ ತೆಗೆಯಲು ಪ್ರೋಗ್ರಾಮು ಬಿಚ್ಚಿದೆ. ಬಹಳ ದಿನದ ಮೇಲೆ ಬೂದು ಸಾಲುಗಳ ಹತ್ತಿರ ನಿಂತೆ. "ಅಪ್ಪನ ಸಿಟ್ಟು ಇಳಿದ ಮೇಲೆ ತೆಗೆಯುವುದು." ಅದರ ಕೆಳಗೆ ಇನ್ನೊಂದು ಸಾಲಿತ್ತು. ನಾನು ಬರೆದದ್ದಲ್ಲ. ಪೂರ್ಣವಿರಾಮವನ್ನೂ ಬಿಡದೆ ಬರೆದ ಮಾಸ್ತರಿಕೆಯ ಕನ್ನಡ:

"ಇಳಿದು ಬಹಳ ದಿನವಾಯಿತು. ಯಾರೂ ಕೇಳಲಿಲ್ಲ."

ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ಹೋಗಿ ಎದುರಿಗೆ ನಿಂತೆ.

"ಯಪ್ಪಾ, ದೇವದುರ್ಗದ ಸಾಲಿನಾಗ ಯಾವಾಗ ಬರದಿ?"

ಅಪ್ಪ ಪೇಪರು ಇಳಿಸಲಿಲ್ಲ. "ಈಗ ನೋಡಿದ್ಯಾ? ಕುರ್ಡಿಯವ್ರ ಸೀಮಂತಕ್ಕ ಚೀಟಿ ತಗದ್ಯಲ್ಲ, ಆಗ. ಮೂರು ವರ್ಷಾತು. ನೀ ದಿನಾ ಅದರಾಗ ಇರ್ತಿ, ನೋಡ್ತಿ ಅಂತ ತಿಳದಿದ್ದೆ."

"ಬಾಯಿಲೆ ಹೇಳಬಾರದಾಗಿತ್ತೇನು?"

"ಬಾಯಿಲೆ ತಗಿ ಅಂದಾವ, ಅದಽ ಬಾಯಿಲೆ ಹಾಕು ಅಂತ ಹೆಂಗ ಅನ್ನಲಿ?"

ಪೇಪರಿನ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅವನನ್ನು ಅಪ್ಪಿಕೊಳ್ಳಬೇಕೆಂದೂ ಅನಿಸಿತು. ನಮ್ಮ ಮನೆಯಲ್ಲಿ ಅಪ್ಪಿಕೊಳ್ಳುವ ರೂಢಿ ಇಲ್ಲ. "ಚೀಟಿ ಹಚ್ಚಿ ಟಪಾಲಿಗೆ ಹಾಕಲೇನು?" ಎಂದೆ. "ತಂಗಿಗೆ ಟಪಾಲು ಹಾಕ್ತಾರೇನಲೇ? ಕುಂಕುಮ ತಗೋ, ಮುಂಜಾನೆ ಹೋಗೂಣು," ಎಂದ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ತನಕ ಅಪ್ಪ ನಾಲ್ಕು ಮಾತಾಡಿರಬಹುದು. ಗಬ್ಬೂರು ದಾಟಿದ ಮೇಲೆ, "ಬಾಗಲಾ ತಗೀದಿದ್ರ ಕುಂಕುಮ ಕಟ್ಟಿಮ್ಯಾಲ ಇಟ್ಟು ಬರೂಣು," ಎಂದ. ಎಪ್ಪತ್ನಾಲ್ಕರ ಮನುಷ್ಯ ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಕಿಸೆಯಿಂದ ಕರವಸ್ತ್ರ ತೆಗೆಯುತ್ತಿದ್ದ, ಮುಖ ಒರೆಸುತ್ತಿದ್ದ, ಮಡಚಿ ಇಡುತ್ತಿದ್ದ.

ಬಾಗಿಲು ತೆರೆದೇ ಇತ್ತು. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ಬರ್ರಿ ಮಾಸ್ತರ್ರ. ಕುಂದರ್ರಿ," ಎಂದಳು. ಅಣ್ಣ ಎನ್ನಲಿಲ್ಲ. ನೀರು ತಂದಿಟ್ಟಳು. ನನ್ನ ತಲೆ ಮೇಲೆ ಮಾತ್ರ ಒಮ್ಮೆ ಕೈಯಾಡಿಸಿದಳು.

ಅಪ್ಪ ನೀರು ಕುಡಿದು, "ನೀಲಾ, ನನಗ ಈಗ ಸಿಟ್ಟಿಲ್ಲವಾ," ಎಂದ.

"ಹೌದೇನ್ರಿ? ಚಲೋ ಆತು," ಎಂದಳು ಅತ್ತೆ. "ನಿಮ್ಮ ಸಿಟ್ಟು ಇಳೀತು. ನಂದು ಯಾರು ಕೇಳಾವ್ರು? ಅವತ್ತು ನಮ್ಮತ್ತಿಗೆ ಸಕ್ಕರಿ ಇಳದು ಕಣ್ಣಿಗೆ ಕತ್ತಲಿ ಬಂದಿತ್ತು. ಎರಡು ತುತ್ತು ಉಣಸಾಕ ಕರಕೊಂಡು ಬಂದ್ರ ಚೀಟಿ ತೋರ್ಸು ಅಂದ್ರಿ. ನಾ ಅಲ್ಲಿ ಚೀಟಿ ಹಿಡಕೊಂಡು ಉಣ್ಣಾಕ ಬಂದಾಕಿ ಆದೆ. ಹೋದ ವರ್ಷದ ಹಿಂದಿನ ವರ್ಷ ಆಕೀನೂ ಹೋದ್ಲು. ಮಣ್ಣಿಗೆ ಬರ್ತೀರಂತ ಹಾದಿ ನೋಡಿದೆ."

ನಮ್ಮ ಪ್ರೋಗ್ರಾಮಿನಲ್ಲಿ ಆ ಮುದುಕಿ ಇನ್ನೂ ಇದ್ದಳು, ಐದನೆಯ ಸಾಲಿನಲ್ಲಿ. ಲೆಕ್ಕ ಹಾಕಿದೆ. ಅಪ್ಪ ಬರೆದಿಟ್ಟು ಮೂರು ವರ್ಷ, ಅವಳು ಹೋಗಿ ಎರಡು. ನಾನು ಆ ಒಂದು ಸಾಲು ಹೊತ್ತಿಗೆ ಸರಿಯಾಗಿ ಓದಿದ್ದರೆ ಅಪ್ಪ ಆ ದಿನ ಇಲ್ಲಿಗೆ ಬಂದಿರುತ್ತಿದ್ದ. ಇದಕ್ಕಿಂತ ಹೆಚ್ಚು ನಾಚಿಕೆ ನನಗೆ ಜೀವನದಲ್ಲಿ ಆಗಿಲ್ಲ.

"ಅತ್ತಿ," ಎಂದೆ, "ಅಪ್ಪಂದು ತಪ್ಪಲ್ಲ. ದೇವದುರ್ಗನ್ನ ಮೂರನೇ ಪಂಗ್ತಿಗೆ ಹಾಕಿದಾವ ನಾನು. ಊರಿನ ಹೆಸರು ಅ ಆ ಇ ಈ ಪ್ರಕಾರ ಹಚ್ಚಿದ್ದೆ. ಬೀಗರಾದ ಮ್ಯಾಲ ಕ ಬಂತು, ಕುರ್ಡಿ. ಆಮ್ಯಾಲ ದ. ಒಂಬತ್ತು ವರ್ಷ ಯಾರಿಗೂ ಹೇಳ್ಲಿಲ್ಲ."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. ಅವಳ ಬಾಯಂಚು ಸಣ್ಣಗೆ ಅಲುಗಿತು. "ಕ ಆದ ಮ್ಯಾಲ ದ ಬರ್ತದಂತ ನಿನ್ನ ತೊಡಿಮ್ಯಾಲ ಕುಂದ್ರಿಸಿಕೊಂಡು ಕಲಿಸಿದಾಕಿ ನಾನಲೇ, ಭಾಡ್ಯಾ," ಎಂದು ನಗಲು ಹೋದಳು. ನಗು ಅರ್ಧಕ್ಕೆ ನಿಂತು, ಸೆರಗು ಬಾಯಿಗೆ ಹೋಯಿತು.

ಅಪ್ಪ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಆಮೇಲೆ, "ಅಂವ ಹಚ್ಚಿದ್ದಿರಬಹುದು ನೀಲಾ. ಬಾಗಲದಾಗ ಕೈ ಅಡ್ಡ ಹಿಡದಾವ ನಾನು. ಕಣ್ಣ ಮುಂದ ತಂಗಿ ನಿಂತಿದ್ಲು, ನಾ ಚೀಟಿ ನೋಡಿದೆ," ಎಂದ.

ಅತ್ತೆ ಕುಂಕುಮದ ಭರಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಣೆಗಿಟ್ಟುಕೊಂಡಳು. "ಕೂಸಿನ ಸಲುವಾಗಿ ಬರ್ತೀನಿ. ಮಾಸ್ತರ್ರ ಸಲುವಾಗಿ ಅಲ್ಲ," ಎಂದಳು.

ಮನೆಗೆ ಬಂದು ಗುರುತು ತೆಗೆದೆ. ನಾಲ್ಕು ಸಾಲು ಬಣ್ಣಕ್ಕೆ ಬಂದವು. ಐದನೆಯದರ ಸುತ್ತ ಮತ್ತೆ ಗುರುತು ಹಾಕಿದೆ. ಕೊನೆಯ ಗುರುತು ಇದೆಯೇ ಎಂದು ಅಪ್ಪ ಬೆರಳಿಟ್ಟು ನೋಡಿದ.

ಹೆಸರಿಡುವ ದಿನ ಅತ್ತೆ ಎಲ್ಲರಿಗಿಂತ ಮೊದಲು ಬಂದಳು. ಬಂದವಳೇ ಅಡುಗೆಮನೆಗೆ ಹೋಗಿ ಹೋಳಿಗೆಯ ಹೂರಣ ರುಚಿ ನೋಡಿದಳು, ಬಾಣಂತಿಯನ್ನು ಮಾತಾಡಿಸಿದಳು, ತೊಟ್ಟಿಲ ಹಗ್ಗ ಜಗ್ಗಿ ನೋಡಿದಳು. ಅಪ್ಪ ಎದುರು ಬಂದಾಗಲೆಲ್ಲ, "ಸರೀರಿ ಮಾಸ್ತರ್ರ," ಎಂದು ದಾಟಿ ಹೋದಳು. ಅಪ್ಪ ಪ್ರತಿ ಸಲವೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರು ಸುತ್ತ ಸೇರಿದರು. ಗಂಡಸರು ಹೊರಗೆ ಪಡಸಾಲೆಯಲ್ಲಿ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಯಾವ ಹೆಸರೆಂದು ಸುಮಾ ಮೆಲ್ಲಗೆ ಹೇಳಿದಳು. ಅತ್ತೆ ಬಗ್ಗಿದವಳು ಹಾಗೇ ನಿಂತಳು. ಅಣ್ಣನ ಹೆಂಡತಿಯನ್ನು ಅವಳು ಬದುಕಿಡೀ ಹೆಸರು ಹಿಡಿದು ಕರೆದವಳಲ್ಲ. "ಹೆಂಗ ಅನ್ನಲವಾ? ಬಾಯಿಗೆ ಬರವಲ್ದು," ಎಂದಳು. ಆಮೇಲೆ, "ತಪ್ಪು ತಿಳೀಬ್ಯಾಡ ಅತ್ತಿಗೆಮ್ಮ," ಎಂದು ಮೆಲ್ಲಗೆ ಹೇಳಿ, ಕೂಸಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದಳು. "ಗೌರೀ," ಎಂದಳು.

ಹೆಂಗಸರು ಹೋ ಎಂದು ಅವಳ ಬೆನ್ನಿಗೆ ಬಿದ್ದರು. ನೀರಮಾನ್ವಿಯವರು, ಕುರ್ಡಿಯವರು, ಎಲ್ಲ. ಧಬಧಬ ಗುದ್ದು. ಆ ಗದ್ದಲದಲ್ಲಿ ನನ್ನನ್ನು ಸರಿಸಿಕೊಂಡು ಅಪ್ಪ ಒಳಗೆ ಹೋದ. ಗಂಡಸು ಅಲ್ಲಿಗೆ ಹೋಗುವುದಿಲ್ಲ. ಅವನನ್ನು ಕಂಡು ಹೆಂಗಸರು ಒಬ್ಬೊಬ್ಬರಾಗಿ ಕೈ ಇಳಿಸಿ ದಾರಿ ಬಿಟ್ಟರು. ಅತ್ತೆ ಇನ್ನೂ ತೊಟ್ಟಿಲಿಗೆ ಬಗ್ಗಿಯೇ ಇದ್ದಳು. ಅಪ್ಪ ಕೈ ಎತ್ತಿ ಅವಳ ಬೆನ್ನ ಮೇಲೆ ಒಂದೇ ಒಂದು ಏಟು ಹಾಕಿದ. ಸೊಳ್ಳೆಯೂ ಸಾಯದಷ್ಟು ಮೆತ್ತಗೆ.

ಅತ್ತೆ ತಿರುಗಿ ನೋಡಲಿಲ್ಲ. ಯಾರ ಕೈ ಎಂದು ಅವಳಿಗೆ ಗೊತ್ತಾಗಿತ್ತು.

"ಇಷ್ಟಽ ಏನೋ ಅಣ್ಣಾ?" ಎಂದಳು. "ಜೋರ್ಲೆ ಹೊಡಿ."

ಅಪ್ಪ ಹೊಡೆಯಲಿಲ್ಲ. ಕೈಯನ್ನು ತೆಗೆಯಲೂ ಇಲ್ಲ.